ನೀಲಗಂಗಾ ಕುಳಿತ ಮತಗಟ್ಟೆ

ನೀಲಗಂಗಾ ಅವರಿಗೆ ಅಮೆರಿಕದಲ್ಲಿ ಸಿಕ್ಕಿದ್ದೂ ಶಾಲೆಯ ಕೆಲಸವೇ. ಆದರೆ ಪಾಠ ಹೇಳುವುದಲ್ಲ, ಊಟ ಬಡಿಸುವುದು. ಅಟ್ಲಾಂಟಾದಿಂದ ಮುಕ್ಕಾಲು ಗಂಟೆ ದೂರದ ಒಂದು ಊರಿನ ಎಲಿಮೆಂಟರಿ ಶಾಲೆಯ ಕೆಫೆಟೀರಿಯಾದಲ್ಲಿ, ತಲೆಗೂದಲಿಗೆ ಬಲೆ ಹಾಕಿಕೊಂಡು, ಮಕ್ಕಳ ತಟ್ಟೆಗೆ ಬೀನ್ಸು, ಆಲೂಗಡ್ಡೆ ಹಾಕುತ್ತಿದ್ದರು. ಹುನಗುಂದ ತಾಲ್ಲೂಕಿನಲ್ಲಿ ಹನ್ನೊಂದು ವರ್ಷ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವರು. ಗಂಡ ರಾಮಲಿಂಗಪ್ಪ ಹೆದ್ದಾರಿ ಸೇತುವೆಗಳ ಎಂಜಿನಿಯರು, ವಾರದಲ್ಲಿ ಮೂರು ದಿನ ಊರಲ್ಲಿರುತ್ತಿರಲಿಲ್ಲ. ತಮ್ಮ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲವೆಂದು ತಿಳಿದಾಗ ನೀಲಗಂಗಾ ಅತ್ತದ್ದನ್ನು ಯಾರೂ ನೋಡಿಲ್ಲ. ಮಕ್ಕಳ ನಡುವೆ ಇದ್ದರೆ ಸಾಕು ಎಂದು ಆ ಕೆಲಸ ಹಿಡಿದರಂತೆ.

ಊರಿನ ಹೆಸರು ನಾನು ಹೇಳುವುದಿಲ್ಲ. ಈ ಕಥೆಯಲ್ಲಿ ಬರುವ ಕೆಲವರು ಇನ್ನೂ ಅಲ್ಲೇ ಇದ್ದಾರೆ, ಆ ಕಡೆ ಹೋದಾಗ ದೇವಸ್ಥಾನದಲ್ಲಿ ಎದುರಾಗುತ್ತಾರೆ.

ನಾನು ಕಾತ್ಯಾಯಿನಿ, ಮೈಸೂರಿನವಳು, ಅವರ ಎದುರುಮನೆಯಲ್ಲಿದ್ದವಳು. ನನ್ನ ಗಂಡ ಗುರುದತ್ ಸಾಫ್ಟ್‌ವೇರ್ ಕೆಲಸದ ವೀಸಾದ ಮೇಲೆ ಬಂದಿದ್ದರು. ಅವರ ಬೆನ್ನಿಗೆ ಬಂದ ನನಗೆ ಕೆಲಸ ಮಾಡುವ ಹಕ್ಕೂ ಇರಲಿಲ್ಲ, ಮತ ಹಾಕುವ ಹಕ್ಕೂ ಇರಲಿಲ್ಲ. ಹಗಲೆಲ್ಲ ಖಾಲಿ. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಶಾಲೆಯಿಂದ ಬರುತ್ತಿದ್ದ ನೀಲಗಂಗಾ ಅವರ ಜೊತೆ ಚಹಾ ಕುಡಿಯುವುದು ನನಗೆ ಅಭ್ಯಾಸವಾಗಿತ್ತು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅಕ್ಕ ಅನ್ನುತ್ತಿದ್ದೆ.

ಚುನಾವಣೆಯ ಡ್ಯೂಟಿ ಅವರಿಗೆ ಹೊಸದಲ್ಲ. ೧೯೮೩ರ ವಿಧಾನಸಭಾ ಚುನಾವಣೆಯಲ್ಲಿ ಮಲಪ್ರಭೆಯ ದಂಡೆಯ ಒಂದು ಹಳ್ಳಿಗೆ ಅವರನ್ನು ಪೋಲಿಂಗ್ ಆಫೀಸರಾಗಿ ಹಾಕಿದ್ದರು. ಕಣ್ಣು ಕಾಣದ ಒಬ್ಬ ಮುದುಕಿ ಬಂದಳಂತೆ. ಜೊತೆಯಲ್ಲಿ ಊರ ಗೌಡನ ಕೈಯಾಳು. "ಆಯಿಗೆ ಕಣ್ಣು ಕಾಣಂಗಿಲ್ರಿ, ಅಕಿ ಚೀಟಿ ನಾ ಒತ್ತತೀನಿ" ಎಂದನಂತೆ. ನೀಲಗಂಗಾ ಮುದುಕಿಯ ಕೈ ಹಿಡಿದು, "ಆಯೀ, ನಿನ್ನ ಚೀಟಿ ಯಾರು ಒತ್ತಬೇಕು?" ಎಂದು ಕೇಳಿದರು. "ನನ್ನ ಮೊಮ್ಮಗಳು ಹೊರಗ ನಿಂತಾಳವ್ವಾ" ಅಂದಳು ಮುದುಕಿ. ಮೊಮ್ಮಗಳನ್ನು ಕರೆಸಿ ಒತ್ತಿಸಿದರು. ಸಂಜೆ ಪೆಟ್ಟಿಗೆ ಸಾಗಿಸಲು ಗೌಡ ಚಕ್ಕಡಿ ಕೊಡಲಿಲ್ಲ, ಎರಡು ಮೈಲಿ ಹೊತ್ತುಕೊಂಡೇ ನಡೆದರು.

"ಬೂತಿನ್ಯಾಗ ಕೂತವ್ರಿಗೆ ಇರೂದು ಒಂದ ಕೆಲಸ ನೋಡು ಕಾತ್ಯಾಯಿನಿ," ಎಂದಿದ್ದರು ನನಗೆ. "ಬಂದವ್ರು ಹಂಗs ಹೊಳ್ಳಿ ಹೋಗಬಾರದು."

೧೯೯೫ರಲ್ಲಿ ಅವರಿಗೆ ಪೌರತ್ವ ಸಿಕ್ಕಿತು. ೧೯೯೮ರ ಬೇಸಿಗೆಯಲ್ಲಿ ಲೈಬ್ರರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ನವೆಂಬರ್ ಚುನಾವಣೆಗೆ ಮತಗಟ್ಟೆಯಲ್ಲಿ ಕೆಲಸ ಮಾಡುವವರು ಬೇಕಾಗಿದ್ದಾರೆ. ನೀಲಗಂಗಾ ಅಲ್ಲೇ ನಿಂತು ಅರ್ಜಿ ತುಂಬಿದರು.

"ನಿನಗ್ಯಾಕ ಬೇಕ ಇದೆಲ್ಲಾ?" ಎಂದರು ರಾಮಲಿಂಗಪ್ಪ. "ಹೊತ್ತು ಹುಟ್ಟೂದಕ್ಕಿಂತ ಮೊದಲ ಹೋಗಬೇಕು, ಮುಣಿಗಿದ ಮ್ಯಾಲ ಬರಬೇಕು."

"ಇಲ್ಲಿ ಗೌಡರಿಲ್ಲ, ಗೌಡರ ಆಳಿಲ್ಲ. ಇವರು ಹ್ಯಾಂಗ ಮಾಡ್ತಾರ ನೋಡಬೇಕು ನಾ."

ಎರಡು ತಾಸಿನ ತರಬೇತಿ ಕೊಟ್ಟರು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಅಲ್ಲಿಂದ ಬಂದವರೇ ನೀಲಗಂಗಾ ನನಗೆ ತಮ್ಮ ನೋಟ್‌ಬುಕ್ ತೋರಿಸಿದರು. ಕನ್ನಡದಲ್ಲಿ ದುಂಡಗೆ ಬರೆದುಕೊಂಡಿದ್ದರು, ಎರಡು ಮಾತುಗಳ ಕೆಳಗೆ ಕೆಂಪು ಗೆರೆ. ಗುರುತಿನ ಚೀಟಿ ತರದವರು 'ನಾನು ಇಂಥವನೇ' ಎಂದು ಪ್ರಮಾಣದ ಹಾಳೆಗೆ ಸಹಿ ಹಾಕಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿನ ತೊಡಕು ಬಂದರೆ ಕೌಂಟಿ ಕಚೇರಿಗೆ, ಅಂದರೆ ಅಲ್ಲಿನ ಜಿಲ್ಲಾ ಕಚೇರಿಗೆ, ಫೋನ್ ಮಾಡಿ ಕೇಳಬೇಕು, ಕೇಳದೆ ಯಾರನ್ನೂ ಕಳಿಸಬಾರದು.

"ಎಷ್ಟ ಛಲೋ ಕಾಯ್ದೆ ಮಾಡ್ಯಾರ ನೋಡು," ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಮತ್ತೆ ನೋಡಲಿಲ್ಲ.

ಅವರ ಮತಗಟ್ಟೆ ಒಂದು ಚರ್ಚಿನ ಹಾಲ್‌ನಲ್ಲಿತ್ತು. ನಮ್ಮ ಕನ್ನಡ ಕೂಟದವರೂ ರಾಜ್ಯೋತ್ಸವಕ್ಕೆ ಬಾಡಿಗೆಗೆ ಹಿಡಿಯುತ್ತಿದ್ದ ಹಾಲ್ ಅದೇ. ಅಲ್ಲಿನ ಮತಗಟ್ಟೆಯ ಮುಖ್ಯಸ್ಥೆ ಮಿಸೆಸ್ ಹ್ಯಾಡ್ಲಿ ಎಂಬ ಎಪ್ಪತ್ತರ ಹೆಂಗಸು. ಇಪ್ಪತ್ತನಾಲ್ಕು ವರ್ಷಗಳಿಂದ ಅದೇ ಕುರ್ಚಿ. ಚರ್ಚಿನ ಹಾಲ್ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲೂ ಆಕೆಯೇ. ಬೆಳ್ಳಿ ಕೂದಲು, ನೀಲಿ ಉಣ್ಣೆಯ ಕಾರ್ಡಿಗನ್, ಬಾಯಿ ತೆರೆದರೆ 'ಹನಿ', ನಮ್ಮಲ್ಲಿ ಚಿನ್ನ, ಬಂಗಾರ ಅನ್ನುವ ಹಾಗೆ. ಚುನಾವಣೆಯ ದಿನ ಬೆಳಗ್ಗೆ ಆರಕ್ಕೇ ತಾನೇ ಬೇಯಿಸಿದ ದೊಡ್ಡ ಕೇಕ್ ತಂದು ಎಲ್ಲರಿಗೂ ಕೊಯ್ದು ಕೊಟ್ಟಳು. ನೀಲಗಂಗಾ ಅವರ ಹೆಸರನ್ನು ನಾಲ್ಕು ಸಲ ಹೇಳಿಸಿ, ಕೊನೆಗೆ "ನಿನ್ನನ್ನು ನಾನು ನೀಲಾ ಅಂತೀನಿ, ಆಯ್ತಾ ಹನಿ?" ಎಂದಳು. ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲವೂ ನೀಲಗಂಗಾ ಮರುದಿನ ಹೇಳಿದ್ದು, ಒಂದು ಮಾತನ್ನೂ ಅವರು ಹೆಚ್ಚು ಮಾಡಿ ಹೇಳುವವರಲ್ಲ.

ಮೇಜಿನ ಮೇಲೆ ಎರಡು ಪಟ್ಟಿ. ಹೆಸರಿನ ಮೊದಲರ್ಧ ಒಬ್ಬ ನಿವೃತ್ತ ಮುದುಕನ ಮುಂದೆ, ಎಮ್‌ನಿಂದ ಜೆಡ್‌ವರೆಗಿನದು ನೀಲಗಂಗಾ ಅವರ ಮುಂದೆ. ಮಿಸೆಸ್ ಹ್ಯಾಡ್ಲಿ ಇಬ್ಬರ ಹಿಂದೆ ಓಡಾಡುತ್ತಿದ್ದಳು.

ಮೊದಲ ಒಂದು ತಾಸು ಎಲ್ಲ ಚೆನ್ನಾಗಿತ್ತು. ಚರ್ಚಿನ ಹಿಂದಿನ ದೊಡ್ಡ ಮನೆಗಳವರು ಬಂದರು. ಆಕೆ ಹೆಸರು ಹಿಡಿದು ಕರೆದಳು, ಮೊಣಕಾಲು ನೋವು ವಿಚಾರಿಸಿದಳು, ಒಬ್ಬ ಮುದುಕಿಗೆ ಕುರ್ಚಿ ಹಾಕಿಸಿದಳು. ಅವರಲ್ಲಿ ಆರು ಮಂದಿ ಗುರುತಿನ ಚೀಟಿ ತಂದಿರಲಿಲ್ಲ. "ಇಷ್ಟು ವರ್ಷದಿಂದ ನೋಡುತ್ತಿರುವ ನಿನ್ನನ್ನು ಏನಂತ ಚೀಟಿ ಕೇಳಲಿ" ಎಂದು ನಕ್ಕು ಒಳಗೆ ಬಿಟ್ಟಳು. ಪ್ರಮಾಣದ ಹಾಳೆಗೆ ಸಹಿ ಕೂಡ ಕೇಳಲಿಲ್ಲ. ನೀಲಗಂಗಾ ಅವರಿಗೆ ಅದು ಸರಿ ಕಾಣಲಿಲ್ಲ, ಆದರೂ ಬಂದವರು ಮತ ಹಾಕಿದರಲ್ಲ ಎಂದು ಸುಮ್ಮನಾದರು.

ಎಂಟು ಗಂಟೆಯ ಮೇಲೆ ಹೆದ್ದಾರಿ ಬದಿಯ ಅಪಾರ್ಟ್‌ಮೆಂಟುಗಳ ಜನ ಬರತೊಡಗಿದರು. ಕರಿಯರು, ಮೆಕ್ಸಿಕೋ ಮೂಲದವರು, ಒಂದಿಷ್ಟು ವಿಯೆಟ್ನಾಮಿನವರು. ಹ್ಯಾಡ್ಲಿಯ ದನಿಯೇನೂ ಬದಲಾಗಲಿಲ್ಲ. 'ಹನಿ' ಹಾಗೇ ಇತ್ತು. ಆದರೆ ಈಗ ಚೀಟಿ ಬೇಕಾಯಿತು. ಚೀಟಿ ತೋರಿಸಿದರೆ ಅದರ ವಿಳಾಸ ಓದಿ ಹೇಳಬೇಕಾಯಿತು. ಅಪಾರ್ಟ್‌ಮೆಂಟಿನ ನಂಬರು ಬಿಟ್ಟುಹೋಗಿದ್ದರೆ "ಕೌಂಟಿ ಆಫೀಸಿಗೆ ಹೋಗಿ ಬಾ ಹನಿ, ಹನ್ನೆರಡೇ ಮೈಲಿ" ಎನ್ನುತ್ತಿದ್ದಳು. ಮಗಳ ವಯಸ್ಸಿನ ಒಬ್ಬಳು, ಸೊಂಟದ ಮೇಲೆ ಕೂಸು, ಪರ್ಸು ಮನೆಯಲ್ಲಿ ಮರೆತು ಬಂದಿದ್ದಳು. ಅವಳನ್ನೂ ವಾಪಸ್ ಕಳಿಸಿದಳು.

ನೀಲಗಂಗಾ ತಿರುಗಿ ಕೇಳಿದರು: "ಪ್ರಮಾಣದ ಹಾಳೆ ಎಲ್ಲಿದೆ? ಆಕೆಯ ಕೈಲಿ ಸಹಿ ಹಾಕಿಸಬಹುದಲ್ಲ?"

"ಅದು ನಿಜ ಹೇಳುತ್ತಾರೆ ಅಂತ ನಮಗೆ ಗೊತ್ತಿರುವವರಿಗೆ, ಹನಿ," ಎಂದಳು ಮಿಸೆಸ್ ಹ್ಯಾಡ್ಲಿ, ನೀಲಗಂಗಾ ಅವರ ಭುಜ ತಟ್ಟಿ.

ಹಾಳೆಗಳ ಕಟ್ಟು ಕೇಕಿನ ಡಬ್ಬಿಯ ಅಡಿಯಲ್ಲಿತ್ತು. ಅಂಚು ಕಾಣುತ್ತಿತ್ತು. ನೀಲಗಂಗಾ ಅದನ್ನು ಎಳೆದುಕೊಳ್ಳಲಿಲ್ಲ. "ಮೊದಲ್ನೇ ದಿನ, ದೊಡ್ಡಾಕಿ, ನನಗಿಂತ ಹೆಚ್ಚು ತಿಳಿದಾಕಿ ಅಂದುಕೊಂಡ್ನಿ" ಎಂದರು ನನಗೆ. ಅದನ್ನು ಹೇಳುವಾಗ ತಮ್ಮ ಮೇಲೇ ಅಸಹ್ಯಪಟ್ಟು ಮುಖ ಕಿವುಚಿದ್ದರು.

ಮಧ್ಯಾಹ್ನ ಎರಡೂವರೆಗೆ ಓಡೆಸ್ಸಾ ಟಿಲ್‌ಮನ್ ಬಂದಳು. ಶಾಲೆಯ ಕೆಫೆಟೀರಿಯಾದ ಅಡಿಗೆಯವಳು, ಐವತ್ತೈದು ದಾಟಿದ ಕರಿಯ ಹೆಂಗಸು. ನೀಲಗಂಗಾ ಅವರೊಡನೆ ಮೂರು ವರ್ಷದಿಂದ ಬೀನ್ಸಿನ ಉಪ್ಪಿಗಾಗಿ ಜಗಳವಾಡುತ್ತ, ಹಾಗೇ ಹತ್ತಿರವಾದವಳು. ಶಾಲೆ ಮುಗಿಸಿ, ನಾಲ್ಕಕ್ಕೆ ನರ್ಸಿಂಗ್ ಹೋಮಿನ ಇನ್ನೊಂದು ಕೆಲಸಕ್ಕೆ ಹೋಗುವ ಮುಂಚೆ ಮತ ಹಾಕಲು ಬಸ್ಸಿಳಿದು ನಡೆದು ಬಂದಿದ್ದಳು. ಅವಳ ಹಿಂದೆಯೇ ಸಾಲಿನಲ್ಲಿ ನಮ್ಮ ಕನ್ನಡ ಕೂಟದ ಅಧ್ಯಕ್ಷ ಶೇಷಾದ್ರಿ, ಟೈ ಕಟ್ಟಿಕೊಂಡು, ಸೊಂಟಕ್ಕೆ ಸೆಲ್ ಫೋನ್ ಸಿಕ್ಕಿಸಿಕೊಂಡು.

"ಅಂತೂ ನಿನ್ನ ಕೈಗೆ ಸಿಕ್ಕಿಬಿದ್ದೆ, ನೀಲಾ," ಎಂದು ಓಡೆಸ್ಸಾ ನಗುತ್ತಲೇ ಡ್ರೈವಿಂಗ್ ಲೈಸೆನ್ಸ್ ಕೊಟ್ಟಳು.

ನೀಲಗಂಗಾ ಪಟ್ಟಿ ನೋಡಿದರು. ಹೆಸರು ಇತ್ತು. ಆದರೆ ಟಿಲ್‌ಮನ್ ಎಂಬಲ್ಲಿ ಎಲ್ ಅಕ್ಷರ ಎರಡಿರಬೇಕಾದದ್ದು ಒಂದೇ ಇತ್ತು. ಟೈಪು ಮಾಡಿದವರ ಕೈತಪ್ಪು. ಅವರು ಗುರುತು ಹಾಕಲು ಪೆನ್ನು ಎತ್ತಿದಾಗ ಹಿಂದಿನಿಂದ ಒಂದು ಕೈ ಬಂದು ಲೈಸೆನ್ಸ್ ತೆಗೆದುಕೊಂಡಿತು.

"ಒಂದು ನಿಮಿಷ, ಹನಿ. ಇಲ್ಲಿ ಎರಡು ಎಲ್ ಇದೆ, ಅಲ್ಲಿ ಒಂದು. ಇದು ಬೇರೆ ವ್ಯಕ್ತಿ."

"ವಿಳಾಸ ಅದೇ, ಹುಟ್ಟಿದ ತಾರೀಖೂ ಅದೇ," ಎಂದರು ನೀಲಗಂಗಾ. "ಈಕೆ ನನ್ನ ಜೊತೆ ಕೆಲಸ ಮಾಡುತ್ತಾಳೆ. ನನಗೆ ಗೊತ್ತು."

"ನಮಗೆ ಗೊತ್ತಿರುವವರು ಅಂತ ಒಳಗೆ ಬಿಡೋದಕ್ಕಾಗುತ್ತಾ? ಅದು ನ್ಯಾಯ ಅಲ್ಲ, ಅಲ್ವಾ?"

ಬೆಳಗ್ಗೆಯಿಂದ ಅದನ್ನೇ ಮಾಡುತ್ತಿದ್ದ ಬಾಯಿ ಆ ಮಾತನ್ನು ತಡವರಿಸದೆ ಆಡಿತು.

"ಹಾಗಾದರೆ ಕೌಂಟಿಗೆ ಫೋನ್ ಮಾಡಿ ಕೇಳೋಣ. ತರಬೇತಿಯಲ್ಲಿ ಹಾಗೇ ಹೇಳಿದ್ದಾರೆ."

"ಫೋನು ಪಾದ್ರಿಗಳ ಕೋಣೆಯಲ್ಲಿದೆ. ಬೀಗ ಹಾಕಿದೆ."

ಬೀಗದ ಕೈ ಆಕೆಯ ಕಾರ್ಡಿಗನ್ನಿನ ಜೇಬಿನಲ್ಲಿತ್ತು. ಬೆಳಗ್ಗೆ ಕಾಫಿಯ ಪಾತ್ರೆ ತೆಗೆಯಲು ಅದೇ ಗೊಂಚಲಿನಿಂದ ಆ ಕೋಣೆ ತೆರೆದದ್ದನ್ನು ನೀಲಗಂಗಾ ನೋಡಿದ್ದರು. ಅವರು ಶೇಷಾದ್ರಿಯ ಕಡೆ ತಿರುಗಿ ಕನ್ನಡದಲ್ಲಿ, "ಸರ್, ನಿಮ್ಮ ಫೋನ್ ಒಂದ ಎರಡು ಮಿನಿಟು ಕೊಡ್ತೀರಿ? ಕೌಂಟಿಗೆ ಮಾತಾಡಬೇಕಾಗೇತಿ" ಎಂದರು.

"ಬ್ಯಾಟರಿ ಲೋ ಇದೆ ಕಣ್ರೀ," ಎಂದ ಶೇಷಾದ್ರಿ. ಆಮೇಲೆ ದನಿ ತಗ್ಗಿಸಿ, "ನೀವ್ಯಾಕೆ ಇನ್ವಾಲ್ವ್ ಆಗ್ತೀರಾ ಮೇಡಂ? ಆಯಮ್ಮ ಇಷ್ಟು ವರ್ಷದಿಂದ ಮಾಡ್ತಿದಾರೆ, ರೂಲ್ಸ್ ಗೊತ್ತಿರುತ್ತೆ" ಎಂದ. ತನ್ನ ಜೇಬು ತಡವಿಕೊಂಡು, "ಅಯ್ಯೋ, ನಾನೂ ಲೈಸೆನ್ಸ್ ಆಫೀಸ್‌ನಲ್ಲೇ ಬಿಟ್ಬಂದಿದೀನಿ" ಎಂದ.

ಮಿಸೆಸ್ ಹ್ಯಾಡ್ಲಿಗೆ ಅವನ ಗುರುತಿತ್ತು. ಪ್ರತಿ ವರ್ಷ ಹಾಲ್ ಕೇಳಿಕೊಂಡು ಬರುವವನು. "ಓ ಶೇಶ್! ಚೀಟಿ ಇಲ್ಲವಾ? ಅದಕ್ಕೇನು ಚಿಂತೆ" ಎಂದು ಕೇಕಿನ ಡಬ್ಬಿ ಎತ್ತಿ, ಕೆಳಗಿನಿಂದ ಒಂದು ಹಾಳೆ ಕಿತ್ತು, ಪೆನ್ನಿನ ಸಮೇತ ಅವನ ಕೈಗಿಟ್ಟಳು. ಓಡೆಸ್ಸಾ ಇನ್ನೂ ಅಲ್ಲೇ ನಿಂತಿದ್ದಳು. ಲೈಸೆನ್ಸ್ ತಂದವಳು ಹೊರಗೆ, ಕೈಯಲ್ಲಿ ಏನೂ ಇಲ್ಲದವನು ಒಳಗೆ.

"ನೀಲಾ, ನಾನು ಯಾರು ಅಂತ ಇವಳಿಗೆ ಹೇಳು," ಎಂದಳು ಓಡೆಸ್ಸಾ. ಈಗ ನಗು ಇರಲಿಲ್ಲ.

ನೀಲಗಂಗಾ ಬಾಯಿ ತೆರೆದರು. "ನೀನು ಕ್ಲರ್ಕು, ಹನಿ," ಎಂದಳು ಹ್ಯಾಡ್ಲಿ ಮೆಲ್ಲಗೆ. "ತೀರ್ಮಾನ ನನ್ನದು. ಸಾಲು ನಿಂತಿದೆ, ಮುಂದಿನವರನ್ನು ಕರಿ."

ನೀಲಗಂಗಾ ಪಟ್ಟಿಯ ಕಡೆ ತಲೆ ತಗ್ಗಿಸಿ, "ನೆಕ್ಸ್ಟ್" ಎಂದರು.

ಓಡೆಸ್ಸಾ ಹ್ಯಾಡ್ಲಿಯ ಕೈಯಿಂದ ಲೈಸೆನ್ಸ್ ತೆಗೆದುಕೊಂಡು ಹೋದಳು. ಎರಡು ನಿಮಿಷದ ನಂತರ ಕಿಟಕಿಯಾಚೆ ಪಾರ್ಕಿಂಗ್ ಲಾಟ್‌ನಲ್ಲಿ ಶೇಷಾದ್ರಿ, ಅಂಗಿಯ ಮೇಲೆ 'ನಾನು ಮತ ಹಾಕಿದೆ' ಎಂಬ ಸ್ಟಿಕ್ಕರ್ ಅಂಟಿಸಿಕೊಂಡು, ಅದೇ ಸೆಲ್ ಫೋನಿನಲ್ಲಿ ಯಾರೊಡನೆಯೋ ನಗುನಗುತ್ತ ಮಾತಾಡುತ್ತಿದ್ದ. ಹತ್ತು ನಿಮಿಷವಾದರೂ ಅವನ ಬ್ಯಾಟರಿ ಮುಗಿಯಲಿಲ್ಲ.

"ನನಗ ಹೇಸಿಗಿ ಬಂತು," ಎಂದರು ನೀಲಗಂಗಾ. "ಅಕಿನ್ನ ನೋಡಿ ಅಲ್ಲ, ಅಂವನ್ನ ನೋಡಿನೂ ಅಲ್ಲ. ನೆಕ್ಸ್ಟ್ ಅಂದ ನನ್ನ ಬಾಯಿ ಮ್ಯಾಲ."

ಪಕ್ಕದಲ್ಲಿ ಕುಳಿತ ನಿವೃತ್ತ ಮುದುಕನನ್ನು ಅವರು ಕೇಳಿದರಂತೆ, ಯಾವಾಗಲೂ ಹೀಗೇನಾ ಎಂದು. ಅವನು ಪದಬಂಧದಿಂದ ತಲೆ ಎತ್ತದೆ, "ಆಕೆ ಒಳ್ಳೆಯ ಹೆಂಗಸು, ಯಾರ ಮೇಲೂ ದನಿ ಎತ್ತಿದವಳಲ್ಲ" ಎಂದನಂತೆ.

ಮುಂದಿನ ಎರಡು ಗಂಟೆ ನೀಲಗಂಗಾ ಕೆಲಸ ಮಾಡುತ್ತಲೇ ಇದ್ದರು. ಬೆಳಗ್ಗೆಯಿಂದ ಹ್ಯಾಡ್ಲಿ ವಾಪಸ್ ಕಳಿಸಿದವರ ಹೆಸರುಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಂಡರು, ಆಕೆಗೆ ಓದಲು ಬಾರದಿರಲಿ ಎಂದು. ಇಪ್ಪತ್ತೇಳು ಆಯಿತು. ಐದು ಗಂಟೆಗೆ ಗೋದಾಮುಗಳ ಪಾಳಿ ಮುಗಿದು, ಸಮವಸ್ತ್ರದಲ್ಲೇ ಬಂದವರ ಸಾಲು ಬಾಗಿಲಾಚೆಯವರೆಗೆ ಬೆಳೆಯಿತು. ಮುಂದೆ ನಿಂತಿದ್ದ ವಿಯೆಟ್ನಾಮಿ ಮುದುಕನಿಗೆ ಹ್ಯಾಡ್ಲಿ, ಪ್ರತಿಯೊಂದು ಶಬ್ದವನ್ನೂ ಎಳೆದು ಎಳೆದು, ಕಿವುಡನಿಗೆ ಹೇಳುವಂತೆ, "ನಿನ್ನ... ಪೌರತ್ವದ... ಕಾಗದ... ಎಲ್ಲಿ?" ಎಂದು ಕೇಳಿದಳು. ಆ ಕಾಗದವನ್ನು ದೊಡ್ಡ ಮನೆಯವರಲ್ಲಿ ಯಾರನ್ನೂ ಕೇಳಿರಲಿಲ್ಲ. ಮುದುಕ ನಾಚಿಕೆಯಿಂದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ನೀಲಗಂಗಾ ಎದ್ದರು. ಕೇಕಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹಾಳೆಗಳ ಕಟ್ಟು ತೆಗೆದುಕೊಂಡರು. ಸಾಲಿನ ಉದ್ದಕ್ಕೂ ನಡೆಯುತ್ತ, ತರಗತಿಯಲ್ಲಿ ಪಾಠ ಓದಿಸುವ ದನಿಯಲ್ಲಿ ಹೇಳಿದರು: "ಗುರುತಿನ ಚೀಟಿ ಇಲ್ಲದವರು ಈ ಹಾಳೆಗೆ ಸಹಿ ಹಾಕಿ ಮತ ಹಾಕಬಹುದು. ಇದು ನಿಯಮ. ಯಾರೂ ವಾಪಸ್ ಹೋಗಬೇಡಿ."

"ನೀಲಾ! ಈಗಲೇ ಕೌಂಟಿಗೆ ಫೋನ್ ಮಾಡ್ತೀನಿ."

"ಮಾಡಿ. ಮಧ್ಯಾಹ್ನದಿಂದ ನಾನೂ ಅದನ್ನೇ ಕೇಳುತ್ತಿದ್ದೇನೆ."

ಬೀಗದ ಕೈ ಜೇಬಿನಿಂದ ಹೊರಬಂತು. ಐದು ನಿಮಿಷದ ನಂತರ ಹ್ಯಾಡ್ಲಿ ಅದೇ ನಗೆಯೊಡನೆ ಬಂದು, "ಸಾಲು ದೊಡ್ಡದಿರುವುದರಿಂದ ಇವತ್ತು ಹಾಳೆ ಕೊಡಬಹುದಂತೆ, ಹನಿ" ಎಂದಳು. ಕೌಂಟಿಯವರು ಹಾಗೆ ಹೇಳಿರಲು ಸಾಧ್ಯವಿರಲಿಲ್ಲ. ನೀಲಗಂಗಾ ಅದೇ ಫೋನಿನಿಂದ ತಾವೂ ಕೇಳಿದರು. ಒಂದು ಅಕ್ಷರದ ವ್ಯತ್ಯಾಸವಿದ್ದರೆ, ವಿಳಾಸ ಮತ್ತು ಜನ್ಮದಿನ ಸರಿಯಿದ್ದರೆ, ಖಂಡಿತ ಬಿಡಬೇಕು ಎಂದರು ಆ ಕಡೆಯವರು. ಓಡೆಸ್ಸಾಳ ಮನೆಗೆ ಮೂರು ಸಲ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ನರ್ಸಿಂಗ್ ಹೋಮಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಏಳಕ್ಕೆ ಬಾಗಿಲು ಮುಚ್ಚಿತು.

ಮುಚ್ಚುವಷ್ಟರಲ್ಲಿ ಹತ್ತೊಂಬತ್ತು ಜನ ಆ ಹಾಳೆಗೆ ಸಹಿ ಹಾಕಿ ಮತ ಹಾಕಿದ್ದರು, ಟೋಪಿಯ ಮುದುಕನೂ ಸೇರಿ. ಹಗಲು ತಿರುಗಿ ಹೋದ ಇಪ್ಪತ್ತೇಳರಲ್ಲಿ ಇಬ್ಬರು ಮಾತ್ರ ಮತ್ತೆ ಬಂದಿದ್ದರು.

ಇದನ್ನೆಲ್ಲ ಅವರು ಬುಧವಾರ ಸಂಜೆ ನನ್ನ ಅಡಿಗೆಮನೆಯಲ್ಲಿ ಹೇಳಿದರು. ಅಂದು ಶಾಲೆಯಲ್ಲಿ ಓಡೆಸ್ಸಾ ಅವರೊಡನೆ ಮಾತಾಡಿರಲಿಲ್ಲ. ಬೀನ್ಸಿನ ಉಪ್ಪಿನ ಬಗ್ಗೆ ಕೂಡ.

"ದೂರು ಕೊಡಿ ಅಕ್ಕ," ಎಂದೆ ನಾನೇ. "ನಾನು ಟೈಪ್ ಮಾಡ್ಕೊಡ್ತೀನಿ."

ಭಾನುವಾರ ನಮ್ಮ ಕಂಪ್ಯೂಟರಿನಲ್ಲಿ ಎರಡು ಪುಟ ಟೈಪ್ ಮಾಡಿದೆ. ಹೆಸರುಗಳು, ಹೊತ್ತು, ಆಡಿದ ಮಾತು. ತಾವು "ನೆಕ್ಸ್ಟ್" ಎಂದದ್ದನ್ನೂ ಅವರು ಬರೆಸಿದರು. ಅದು ಬೇಡ ಎಂದೆ. "ಅದs ಮೊದಲ ಬರಿ" ಎಂದರು.

ಮಂಗಳವಾರ ದೂರು ಕೌಂಟಿಗೆ ಮುಟ್ಟಿತು. ಬುಧವಾರವೇ ಶೇಷಾದ್ರಿಗೆ ಮಿಸೆಸ್ ಹ್ಯಾಡ್ಲಿಯ ಫೋನ್ ಬಂತು. ಹಾಲ್‌ನ ನೆಲ ರಿಪೇರಿ ಆಗಬೇಕಾಗಬಹುದು, ಹದಿನಾಲ್ಕನೇ ತಾರೀಖು ಸಿಗುತ್ತದೋ ಇಲ್ಲವೋ, ಜೊತೆಗೆ ನಿಮ್ಮ ಸಮುದಾಯದವರಿಗೆ ನನ್ನ ಮೇಲೆ ಇಷ್ಟು ಬೇಸರವಿದೆ ಅಂತ ನನಗೆ ಗೊತ್ತಿರಲಿಲ್ಲ, ಎಂದಳಂತೆ. ಹದಿನಾಲ್ಕಕ್ಕೆ ನಮ್ಮ ರಾಜ್ಯೋತ್ಸವ. ಇನ್ನು ಮೂರೇ ದಿನ.

ಅಂದು ಸಂಜೆ ಶೇಷಾದ್ರಿಯ ಮನೆಯಲ್ಲಿ ಕೂಟದ ಸಮಿತಿ ಸೇರಿತು. ಸಮಿತಿಯಲ್ಲಿದ್ದ ನಾನೂ ಹೋಗಿದ್ದೆ, ನೀಲಗಂಗಾ ಅವರನ್ನು ಕರೆದಿರಲಿಲ್ಲ.

"ಚರ್ಚ್‌ಗೆ ಎರಡು ಲೈನ್ ಬರ್ದು ಕೊಟ್ರೆ ಮುಗೀತು," ಎಂದ ಶೇಷಾದ್ರಿ. "ಆ ಲೇಡಿಯ ಒಪಿನಿಯನ್ ನಮ್ಮದಲ್ಲ, ಮಿಸೆಸ್ ಹ್ಯಾಡ್ಲಿ ಯಾವಾಗಲೂ ನಮ್ಮ ಜೊತೆ ಫೇರ್ ಆಗಿ ನಡ್ಕೊಂಡಿದಾರೆ, ಅಷ್ಟೇ. ಸುಳ್ಳೇನಿಲ್ವಲ್ಲ ಅದರಲ್ಲಿ?"

ಸುಳ್ಳಿರಲಿಲ್ಲ. ನಮ್ಮ ಜೊತೆ ಆಕೆ ಚೆನ್ನಾಗಿಯೇ ನಡೆದುಕೊಂಡಿದ್ದಳು.

ಡಾಕ್ಟರ್ ಬಸಲಿಂಗಪ್ಪ ಮೊದಲು ಸಹಿ ಹಾಕಿದರು. ನೀಲಗಂಗಾ ಅವರ ಸೀಮೆಯವರೇ, ಅವರ ಕೈಯ ರೊಟ್ಟಿ ಎಷ್ಟು ಸಲ ಉಂಡವರು. "ಸಣ್ಣ ವಿಷಯಾನ ದೊಡ್ಡದು ಮಾಡ್ಯಾಳ ನಮ್ಮ ಅಕ್ಕ" ಎಂದರು. ಕಾಗದ ಕೈಯಿಂದ ಕೈಗೆ ಬಂತು. ನನ್ನ ಮಗಳು ಚೈತನ್ಯಾ ಎರಡು ತಿಂಗಳಿಂದ ಡ್ಯಾನ್ಸ್ ಪ್ರಾಕ್ಟೀಸ್ ಮಾಡುತ್ತಿದ್ದಳು, ಲಂಗ ಬೆಂಗಳೂರಿನಿಂದ ಬಂದಿತ್ತು. ಮೂರು ದಿನದ ಹಿಂದೆ ದೂರು ಟೈಪ್ ಮಾಡಿದ್ದ ಕೈಯಿಂದಲೇ ನಾನೂ ಸಹಿ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. ಪೆನ್ನು ಬಂತು, ಹಾಕಿದೆ.

ಹಾಲ್‌ನ ನೆಲಕ್ಕೆ ಏನೂ ಆಗಿರಲಿಲ್ಲ. ರಾಜ್ಯೋತ್ಸವ ನಡೆಯಿತು, ಚೈತನ್ಯಾ ಕುಣಿದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಿಸೆಸ್ ಹ್ಯಾಡ್ಲಿಗೆ ಶೇಷಾದ್ರಿ ಶಾಲು ಹೊದಿಸಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನೀಲಗಂಗಾ ಬಂದಿರಲಿಲ್ಲ. ಮೈ ಹುಷಾರಿಲ್ಲ ಎಂದು ರಾಮಲಿಂಗಪ್ಪ ಹೇಳಿದರು.

ಡಿಸೆಂಬರಿನಲ್ಲಿ ಕೌಂಟಿಯ ಚುನಾವಣಾ ಮಂಡಳಿ ದೂರನ್ನು ಕೇಳಲು ದಿನ ಕೊಟ್ಟಿತು. ಬಂದು ಹೇಳು ಎಂದು ನೀಲಗಂಗಾ ಓಡೆಸ್ಸಾಳನ್ನು ಕೇಳಿಕೊಂಡರು. "ಆ ಹೆಂಗಸಿನ ಮುಂದೆ ಇನ್ನೊಂದು ಸಲ ನಾನು ನಾನೇ ಅಂತ ಸಾಬೀತು ಮಾಡೋದಿಲ್ಲ," ಎಂದಳು ಓಡೆಸ್ಸಾ. "ಕರಿಯರನ್ನು ಮತಕ್ಕೆ ಬಿಡದಿದ್ದ ಕಾಲದಲ್ಲಿ ನನ್ನ ತಾಯಿ ಮಾಡಿದ್ದಳು, ಸಾಕು. ಅಲ್ಲದೆ, ನೆಕ್ಸ್ಟ್ ಅಂದವಳು ಆಕೆಯಲ್ಲ, ನೀನು."

ರಾಮಲಿಂಗಪ್ಪ ಊರಲ್ಲಿರಲಿಲ್ಲ. ನೀಲಗಂಗಾ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ನಾನೇ. ಸಹಿಯ ವಿಷಯ ಹೇಳಿರಲಿಲ್ಲ. ಆ ಕಾಗದ ಚರ್ಚಿನವರ ಹತ್ತಿರವೇ ಉಳಿದಿರುತ್ತದೆ ಎಂದುಕೊಂಡಿದ್ದೆ.

ಮಂಡಳಿಯ ಮೂವರು ನೀಲಗಂಗಾ ಓದಿದ್ದನ್ನು ಸಮಾಧಾನದಿಂದ ಕೇಳಿದರು. ಒಬ್ಬ ಆಗಾಗ ಗಡಿಯಾರ ನೋಡುತ್ತಿದ್ದ. ಆಮೇಲೆ ಮಂಡಳಿಯ ಅಧ್ಯಕ್ಷ ಇನ್ನೊಂದು ಕಾಗದ ಎತ್ತಿಕೊಂಡು, "ಇಲ್ಲಿನ ಭಾರತೀಯ ಸಮುದಾಯದಿಂದಲೇ ನಮಗೊಂದು ಪತ್ರ ಬಂದಿದೆ" ಎಂದು ಗಟ್ಟಿಯಾಗಿ ಓದಿದ. ಸಹಿ ಮಾಡಿದವರ ಹೆಸರುಗಳನ್ನೂ ತಡವರಿಸುತ್ತ ಓದಿದ. ಶೇಷಾದ್ರಿ. ಬಸಲಿಂಗಪ್ಪ. ಏಳನೆಯದು ನನ್ನದು. ನನ್ನ ಹೆಸರನ್ನು ಎಷ್ಟು ವಿಕಾರವಾಗಿ ಉಚ್ಚರಿಸಿದನೆಂದರೆ, ನೀಲಗಂಗಾ ಅವರಿಗೆ ಗೊತ್ತಾಗದೇ ಹೋಗಬಹುದು ಎಂದು ನಾನು ಒಂದು ಕ್ಷಣ ಆಸೆಪಟ್ಟೆ. ಅವರ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ. ಅವರು ತಿರುಗಿ ನೋಡಲಿಲ್ಲ. ಮಡಿಲಲ್ಲಿದ್ದ ನೋಟ್‌ಬುಕ್ ಮುಚ್ಚಿದರು.

ದೂರನ್ನು ದಾಖಲಿಸಿಕೊಳ್ಳಲಾಗಿದೆ ಎಂದರು. ಅದೇ ಸಭೆಯ ಮುಂದಿನ ವಿಷಯ, ಬಹುಕಾಲ ಸೇವೆ ಸಲ್ಲಿಸಿದ ಮತಗಟ್ಟೆ ಮುಖ್ಯಸ್ಥರಿಗೆ ಗೌರವ. ಮಿಸೆಸ್ ಹ್ಯಾಡ್ಲಿ ಎದ್ದು ಹೋಗಿ ಮರದ ಫಲಕ ತೆಗೆದುಕೊಂಡಳು. ಹಿಂದಿರುಗುವಾಗ ನಮ್ಮ ಸಾಲಿನ ಹತ್ತಿರ ನಿಂತು, ನೀಲಗಂಗಾ ಅವರ ಭುಜ ತಟ್ಟಿ, "ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಹನಿ" ಎಂದಳು.

ಕಾರಿನಲ್ಲಿ ನಾನೇ ಮಾತು ಶುರು ಮಾಡಿದೆ. "ಅಕ್ಕ, ಹೆದರಿಕೊಂಡು ಹಾಕ್ಬಿಟ್ಟೆ. ನಮ್ದು ವೀಸಾ, ಏನಾದ್ರೂ ತೊಂದರೆ ಆದ್ರೆ..."

"ಸುಳ್ಳ ಹೇಳಬ್ಯಾಡ," ಎಂದರು. ದನಿ ಏರಲಿಲ್ಲ. "ಅಂಜಿ ಹಾಕಿದ್ದರ ನಾ ಮರೀತಿದ್ದೆ. ನಾನೂ ಅಂಜೀನಿ, ಅದಕ್ಕs ನೆಕ್ಸ್ಟ್ ಅಂದೀನಿ. ನೀ ಹಾಲ್ ಸಿಗಲಿ ಅಂತ ಹಾಕೀದಿ. ಗೌಡನ ಆಳರೆ ಹೊಟ್ಟಿ ಸಲುವಾಗಿ ಮಾಡ್ತಿದ್ದ. ನೀವು ಎಲ್ಲಾ ಇದ್ದವ್ರು, ಒಂದ ಹಾಡು ಕುಣಿತಕ್ಕ ಮಾಡೀರಿ. ಹೇಸಿಗಿ ಬರತೈತಿ ನನಗ."

ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ, ಅವರು ಇಳಿದು ಹೋದರು.

ಮತ್ತೆ ಅವರನ್ನು ಮತಗಟ್ಟೆಯ ಕೆಲಸಕ್ಕೆ ಕರೆಯಲಿಲ್ಲ. ಚಹಾಕ್ಕೆ ಅವರು ಬರುವುದು ನಿಂತಿತು. ಮಾರ್ಚ್ ತಿಂಗಳಲ್ಲಿ ಒಂದು ದಿನ ಓಡೆಸ್ಸಾ ತಾನಾಗಿಯೇ ಅವರ ಬಳಿ ಬಂದು, "ಆ ಆಫೀಸು ನಿನಗೆ ಗೊತ್ತಲ್ಲ, ನನ್ನ ಹೆಸರು ಸರಿ ಮಾಡಿಸಬೇಕು, ಬಾ" ಎಂದಳಂತೆ. ಕ್ಷಮಿಸಿದೆ ಎಂದು ಹೇಳಲಿಲ್ಲ, ಇವರೂ ಕೇಳಲಿಲ್ಲ. ಮೂರು ಸಲ ಹೋಗಬೇಕಾಯಿತು. ಆಮೇಲೆ ಬುಧವಾರ ಮಧ್ಯಾಹ್ನಗಳಲ್ಲಿ ನೀಲಗಂಗಾ ತಮ್ಮ ಇಪ್ಪತ್ತೇಳು ಹೆಸರುಗಳನ್ನು ಹುಡುಕಿಕೊಂಡು ಅಪಾರ್ಟ್‌ಮೆಂಟುಗಳಿಗೆ ಹೋಗತೊಡಗಿದರು. ಅರ್ಧಕ್ಕರ್ಧ ಜನ ಮನೆ ಬದಲಿಸಿಬಿಟ್ಟಿದ್ದರು. ಕೆಲವರು ಬಾಗಿಲು ತೆರೆಯಲಿಲ್ಲ. ಒಬ್ಬ, "ನೀನೂ ಅವಳ ಮೇಜಿನಲ್ಲೇ ಕೂತಿದ್ದವಳಲ್ಲವಾ?" ಎಂದು ಮುಖಕ್ಕೆ ಕೇಳಿ ಬಾಗಿಲು ಹಾಕಿಕೊಂಡ. ಬೇಸಿಗೆಯ ಹೊತ್ತಿಗೆ ಒಂಬತ್ತು ಜನರ ಹೆಸರು, ವಿಳಾಸ ಸರಿಯಾಗಿತ್ತು.

೧೯೯೯ರ ಜೂನ್‌ನಲ್ಲಿ ಗುರುದತ್‌ಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಸಿಕ್ಕಿ ನಾವು ನಾರ್ತ್ ಕೆರೊಲಿನಾಕ್ಕೆ ಬಂದೆವು. ಹೊರಡುವ ದಿನ ನೀಲಗಂಗಾ ಬಾಗಿಲಿಗೆ ಬಂದು ಚೈತನ್ಯಾಳ ತಲೆ ಸವರಿ ಹೋದರು.

ಆ ನವೆಂಬರಿನ ಊರಿನ ಚುನಾವಣೆಯ ಮಾರನೆಯ ದಿನ ನಾನು ಫೋನ್ ಮಾಡಿದೆ. ಓಡೆಸ್ಸಾ ಮತ ಹಾಕಿದಳೇ ಎಂದು ಕೇಳಿದೆ. ಹಾಕಿದಳು ಎಂದರು. ಮೇಜಿನ ಹಿಂದೆ ಅದೇ ಮಿಸೆಸ್ ಹ್ಯಾಡ್ಲಿ, ಅದೇ ಕಾರ್ಡಿಗನ್, ಎಂದೂ ನೋಡಿಯೇ ಇಲ್ಲವೆಂಬಂತೆ "ಬಾ ಹನಿ" ಎಂದಳಂತೆ. ಮಂಡಳಿಯವರೂ ಬದಲಾಗಿಲ್ಲ, ಯಾರಿಗೂ ಏನೂ ಆಗಿಲ್ಲ.

"ನಿಮಗೆ ಸ್ವಲ್ಪ ಸಮಾಧಾನ ಆಯ್ತಾ ಅಕ್ಕ?" ಎಂದೆ.

"ಇಪ್ಪತ್ತೇಳರಾಗ ಹದಿನೆಂಟು ಮಂದೀದು ಇನ್ನೂ ಸರಿ ಆಗಿಲ್ಲ. ಇಡತೀನಿ ಕಾತ್ಯಾಯಿನಿ, ಒಲಿ ಮ್ಯಾಲ ಅನ್ನ ಇಟ್ಟೀನಿ" ಎಂದು ಫೋನ್ ಇಟ್ಟರು.

ನಾನು ಫೋನ್ ಮಾಡಿದಾಗ ಅವರು ಮಾತಾಡುತ್ತಾರೆ. ಅವರಾಗಿಯೇ ಒಂದು ಸಲವೂ ಮಾಡಿಲ್ಲ.